ಫ್ರಿಜ್ಜಿನೊಳಗಿನ ನಾಲ್ಕು ಡಿಗ್ರಿ

ಹಳಸಿದ ಹಾಲಿನ ವಾಸನೆ ನನ್ನ ಎರಡು ಅಂಗಿಗಳಿಂದ ಕಡೆಗೂ ಹೋಗಲಿಲ್ಲ. ಒಂದನ್ನು ಅಮ್ಮ ನೆಲ ಒರೆಸಲು ಇಟ್ಟುಕೊಂಡಳು, ಇನ್ನೊಂದನ್ನು ನಾನೇ ಎಸೆದೆ.

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಡಿಪ್ಲೊಮಾ ಮುಗಿಸಿದ ಹೊಸದರಲ್ಲಿ ಕೆ.ಆರ್. ಪೇಟೆ ಹತ್ತಿರದ ಒಂದು ಖಾಸಗಿ ಹಾಲಿನ ಶೀತಲ ಕೇಂದ್ರದಲ್ಲಿ ನನಗೆ ಕೆಲಸ ಸಿಕ್ಕಿತ್ತು. ಪಾಂಡವಪುರದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಸುತ್ತಲ ಹಳ್ಳಿಗಳ ಹಾಲು ಕ್ಯಾನುಗಳಲ್ಲಿ ಬರುತ್ತಿತ್ತು. ಅದನ್ನು ದೊಡ್ಡ ಸ್ಟೀಲ್ ಟ್ಯಾಂಕಿಗೆ ಸುರಿದು, ನಾಲ್ಕು ಡಿಗ್ರಿಗೆ ತಣ್ಣಗೆ ಮಾಡಿ, ಟ್ಯಾಂಕರಿನಲ್ಲಿ ಮೈಸೂರಿಗೆ ಕಳಿಸಬೇಕು. ಟ್ಯಾಂಕಿನೊಳಗೆ ಬೆರಳುದ್ದದ ಒಂದು ಸ್ಟೀಲ್ ಕಡ್ಡಿ ಇರಬೇಕು, ಅದೇ ಸೆನ್ಸಾರು. ಅದರ ವೈರು ಗೋಡೆಯ ಪ್ಯಾನೆಲ್ಲಿಗೆ ಬರುತ್ತದೆ, ಅಲ್ಲಿ ಕೆಂಪು ಅಂಕಿ ಕಾಣುತ್ತದೆ, ಹಾಲು ಬೆಚ್ಚಗಾದರೆ ಬೆಲ್ಲು ಹೊಡೆಯುತ್ತದೆ. ಗಂಟೆಗೊಮ್ಮೆ ಆ ಅಂಕಿಯನ್ನು ಬರೆದುಕೊಳ್ಳುವುದು ನನ್ನ ಕೆಲಸ. ಮಳೆ ಬಂದ ದಿನ, ಬಸ್ಸು ಕೈಕೊಟ್ಟ ದಿನಗಳನ್ನೆಲ್ಲ ಮನೆಯಲ್ಲಿ ತಾರೀಖು ಹಾಕಿ ಬರೆದಿಡುತ್ತಿದ್ದ ನನಗೆ ಇದಕ್ಕಿಂತ ಹಿತವಾದ ಕೆಲಸ ಇರಲಿಲ್ಲ.

ಮೊದಲ ವಾರ ಮುಗಿದಾಗ ಹಾಳೆಯ ತುಂಬ ಬರೀ ನಾಲ್ಕು. ಸಂಜೆ ಆಗತಾನೆ ಕರೆದ ಬೆಚ್ಚಗಿನ ಹಾಲು ಬಿದ್ದಾಗಲೂ ನಾಲ್ಕು. ವೋಲ್ಟೇಜು ಸಾಲದೆ ಕಂಪ್ರೆಸರು ಗೊರಗುಟ್ಟಿ ನಿಂತಾಗಲೂ ನಾಲ್ಕು.

ಅದೇ ವಾರ ಎರಡು ಸಲ ಮೈಸೂರಿನಿಂದ ಟ್ಯಾಂಕರು ವಾಪಸ್ಸು ಬಂತು. ಹಾಲು ಹುಳಿಯಾಗಿತ್ತು. ಮ್ಯಾನೇಜರು ನನ್ನ ಹಾಳೆ ನೋಡಿ, ನಮ್ಮ ಟ್ಯಾಂಕು ಸರಿಯಿದೆ, ಯಾವುದೋ ಊರಿನವರು ನಿನ್ನೆಯ ಹಾಲು ಬೆರೆಸುತ್ತಿದ್ದಾರೆ ಎಂದು ತೀರ್ಮಾನಿಸಿದರು. ಗೋವಿಂದನಹಳ್ಳಿ ಕಡೆಯ ಒಂದು ಊರಿನ ಹಾಲು ಎಲ್ಲಕ್ಕಿಂತ ಕೊನೆಗೆ ಬರುತ್ತಿತ್ತು. ಅಷ್ಟೇ ಸಾಕಾಯಿತು. ಸೋಮವಾರದಿಂದ ಆ ಊರಿನ ಹಾಲು ಬೇಡ ಎಂದು ಹೇಳಿ ಕಳಿಸಿದರು.

ನನಗೆ ಆ ನಾಲ್ಕರ ಮೇಲೇ ಅನುಮಾನ. ಶನಿವಾರ ಮಧ್ಯಾಹ್ನ ಪ್ಯಾನೆಲ್ಲಿನ ವೈರು ಹಿಡಿದು ಹೊರಟೆ. ಅದು ಟ್ಯಾಂಕಿನ ಕಡೆ ಹೋಗಲೇ ಇಲ್ಲ. ಗೋಡೆಯ ತೂತಿನಲ್ಲಿ ಹಾಯ್ದು, ಹಾಲು ಪರೀಕ್ಷಿಸುವ ಕೋಣೆಗೆ ಇಳಿದು, ಅಲ್ಲಿನ ಫ್ರಿಜ್ಜಿನ ಬಾಗಿಲ ಸಂದಿಗೆ ನುಗ್ಗಿತ್ತು. ಬಾಗಿಲು ತೆಗೆದೆ. ಕಂಪ್ರೆಸರು, ಜನರೇಟರು ನೋಡಿಕೊಳ್ಳುತ್ತಿದ್ದ ಆಪರೇಟರನ ಸಾರಿನ ಡಬ್ಬಿಗೂ ಒಂದು ಮೊಸರಿನ ಪ್ಯಾಕೆಟ್ಟಿಗೂ ನಡುವೆ ನಮ್ಮ ಸೆನ್ಸಾರು ತಣ್ಣಗೆ ಮಲಗಿತ್ತು. ವೋಲ್ಟೇಜು ಇಳಿದರೂ ಓಡುವಂತೆ ಆ ಫ್ರಿಜ್ಜಿಗೆ ಸ್ಟೆಬಿಲೈಸರ್ ಇತ್ತು, ಟ್ಯಾಂಕಿನ ಕಂಪ್ರೆಸರಿಗೆ ಇರಲಿಲ್ಲ. ವಾರವಿಡೀ ನಾನು ಬರೆದದ್ದು ಅವನ ಸಾರಿನ ಉಷ್ಣಾಂಶ.

ಆಪರೇಟರು ನಾಚಿಕೊಳ್ಳಲೂ ಇಲ್ಲ.

"ಬೆಲ್ಲು ಹೊಡುದ್ರೆ ಜನರೇಟ್ರು ಹಾಕ್ಬೇಕು ಕಣ್ಲಾ. ಜನರೇಟ್ರು ಹಾಕುದ್ರೆ ಡೀಸೆಲ್ ಎಲ್ಲೋಯ್ತು ಅಂತ ಸಾಹೇಬ್ರು ಉಗೀತಾರೆ. ಅದ್ಕೇ ಬೆಲ್ಲೇ ಹೊಡೀದಂಗೆ ಮಾಡ್ಬುಟ್ಟೆ."

"ಹಾಲಿನ ಗತಿ?"

"ಹಾಲಿಗೇನ್ ಬಾಯೈತಾ? ಸುಮ್ಕೆ ಬರ್ಕೊ ಓಗ್ಲಾ."

ಮ್ಯಾನೇಜರಿಗೆ ಹೇಳಿದೆ. ಅವರು ಕತ್ತೆತ್ತದೆ, "ಗೊತ್ತು ಕಣಯ್ಯ. ಈಗ ಕೀಳ್ಬೇಡ. ನಾಳೆ ಟ್ಯಾಂಕರ್ ಓಗ್ಲಿ, ಆಮೇಲ್ ನೋಡವ" ಎಂದರು. ಗೊತ್ತಿತ್ತು! ಗೊತ್ತಿದ್ದೂ ಒಂದು ಊರಿನ ತಲೆಗೆ ಕಟ್ಟಿದ್ದರು. ಟ್ಯಾಂಕಿನ ಮುಚ್ಚಳ ಎತ್ತಿದರೆ ಹಾಲು ಉಗುರುಬೆಚ್ಚಗಿತ್ತು. ತಿರುಗುವ ರೆಕ್ಕೆಗೆ ಹಳದಿ ಗಸಿ ಅಂಟಿ ಜೋಲಾಡುತ್ತಿತ್ತು. ಆ ಗಸಿಗಿಂತ ಅವರ "ಗೊತ್ತು ಕಣಯ್ಯ" ನನಗೆ ಹೆಚ್ಚು ಹೇಸಿಗೆ ಹುಟ್ಟಿಸಿತು.

ಸಂಜೆ ಆ ಊರಿನ ಹಾಲು ಕೂಡಿಸಿ ತರುತ್ತಿದ್ದ ಹೆಂಗಸು ಟೆಂಪೋದಲ್ಲಿ ಬಂದಳು. ಕ್ಯಾನುಗಳನ್ನು ಇಳಿಸುವ ಮೊದಲೇ ಮ್ಯಾನೇಜರ ಮುಂದೆ ನಿಂತಳು.

"ಸ್ವಾಮಿ, ನಮ್ ಹಾಲು ಕೆಟ್ಟೈತೆ ಅಂದ್ರಂತೆ. ನಮ್ ಮಕ್ಳೂ ಅದುನ್ನೇ ಕುಡುದು ಇಸ್ಕೂಲ್ಗೋಗವೆ. ಇನ್ಮೇಲೆ ಯಾವ್ ಡೈರೀಗಾಕಾನ ನಾವು? ಕಳ್ರು ಅಂತ ಎಸ್ರು ಬಂದ್ಮೇಲೆ ಯಾವನ್ ತಗೋತಾನೆ?"

"ಮಿಷನ್ ಸುಳ್ ಹೇಳ್ತದೇನಮ್ಮ? ನಾಲ್ಕ್ ಡಿಗ್ರಿ ಕಾಣ್ತಾ ಇಲ್ವಾ?" ಎಂದು ಅವರು ಪ್ಯಾನೆಲ್ಲಿನ ಕಡೆ ಕೈ ತೋರಿಸಿದರು.

ನಾನು ಫ್ರಿಜ್ಜಿನಿಂದ ಕಡ್ಡಿ ಎಳೆದು ತಂದು, ತೊಳೆದು, ಟ್ಯಾಂಕಿಗೆ ಇಳಿಬಿಟ್ಟೆ. ಅಂಕಿ ಒಂಬತ್ತಾಯಿತು, ಹದಿನಾಲ್ಕಾಯಿತು, ಇಪ್ಪತ್ತು ದಾಟಿತು. ಬೆಲ್ಲು ಕಿವಿ ಹರಿಯುವಂತೆ ಹೊಡೆದುಕೊಂಡಿತು.

"ಮೊದ್ಲು ಆ ಬೆಲ್ ನಿಲ್ಸೋ!" ಎಂದು ಮ್ಯಾನೇಜರು ಕೂಗಿದರು. ಹಾಲನ್ನು ತಣ್ಣಗೆ ಮಾಡು ಎನ್ನಲಿಲ್ಲ.

ಹೆಂಗಸಿಗೆ ಅರ್ಥವಾಯಿತು. ಏಣಿ ಹತ್ತಿ ಟ್ಯಾಂಕಿನೊಳಗೆ ಬಗ್ಗಿ ನೋಡಿದಳು, ಸೆರಗಿನಿಂದ ಮೂಗು ಮುಚ್ಚಿಕೊಂಡು ಇಳಿದಳು.

"ಆಯ್ತು ಬುಡಮ್ಮ" ಎಂದರು ಮ್ಯಾನೇಜರು, ದನಿ ಇಳಿಸಿ. "ಏನೋ ಮಿಸ್ಟೇಕ್ ಆಗೈತೆ. ನಿಮ್ ಊರ್ ಹಾಲು ನಿಲ್ಸಲ್ಲ. ತಂದಿರೋದ್ನ ಸುರೀರಿ."

"ಇದ್ರೊಳಕ್ಕಾ?"

"ಇನ್ನೆಲ್ಲಿಗೆ?"

"ಒಂದ್ ಲೋಟ ಅದ್ರಿಂದ ಎತ್ಕೊಂಡು ನೀವು ಕುಡೀರಿ. ಆಮೇಲ್ ಸುರೀತೀನಿ."

ಅವರು ಕುಡಿಯಲಿಲ್ಲ. ಆಪರೇಟರು ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡ. ಅವಳು ಟೆಂಪೋದವನ ಕಡೆ ತಿರುಗಿ, "ಇಳುಸ್ಬ್ಯಾಡ ಕಣ್ಲಾ. ತಿರುಗ್ಸು. ಮನೆಮನೇಗೆ ವಾಪಸ್ ಕೊಟ್ಟು, ಹೆಪ್ಪಾಕ್ಕೊಳ್ಳಿ ಅನ್ನಾನ" ಎಂದಳು. ಕ್ಯಾನುಗಳು ಒಂದಕ್ಕೊಂದು ಬಡಿದುಕೊಳ್ಳುತ್ತ ಗೇಟು ದಾಟಿದವು. ಸೋಮವಾರ ಆ ಊರಿನ ಹಾಲು ಬರಲಿಲ್ಲ, ಮಂಗಳವಾರವೂ ಬರಲಿಲ್ಲ.