ದುಬೈಯಿಂದ ಬಂದ ಟಯರು ಮಣಿ

ಬೈಕಿನ ಮುಂದಿನ ಚಕ್ರ ನಡುಗಲು ಶುರುವಾದದ್ದು ಪಾಣೆಮಂಗಳೂರಿನ ಹೊಂಡಕ್ಕೆ ಬಿದ್ದ ಮೇಲೆ. ಹಿಂದೆ ಕೂತಿದ್ದವಳು ನಾನೇ. ನನ್ನ ಸೊಂಟ ಅದಕ್ಕೆ ಸಾಕ್ಷಿ. ಬಂಟ್ವಾಳದಿಂದ ಮೂಡುಬಿದಿರೆಯ ಶಾಲೆಗೆ ನನ್ನನ್ನು ದಿನಾ ಬಿಡುವವರು ನನ್ನ ಗಂಡ. "ರಿಮ್ ಬೆಂಡಾಗಿದೆ, ಗ್ಯಾರೇಜಿಗೆ ತೋರಿಸುವ," ಎಂದೆ.

"ನಿನಗೆಂತ ಗೊತ್ತುಂಟು ಮಾರಾಯ್ತಿ?" ಎಂದರು. ಆಮೇಲೆ ಎಷ್ಟು ಸಲ ಹೇಳಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಅಷ್ಟರಲ್ಲಿ ದುಬೈಯಲ್ಲಿರುವ ನನ್ನ ತಮ್ಮ ರಜೆಗೆ ಬಂದ. ಸೂಟ್‌ಕೇಸಿನಿಂದ ಖರ್ಜೂರ, ಅತ್ತರು ಎಲ್ಲ ಹೊರಬಿದ್ದ ಮೇಲೆ ಕೊನೆಗೆ ಸಾಸಿವೆಯಷ್ಟು ಸಣ್ಣ ಮಣಿಗಳ ಪೊಟ್ಟಣ.

"ಭಾವ, ಇದನ್ನು ಟಯರಿನ ಒಳಗೆ ಹಾಕಿ. ಚಕ್ರ ತಿರುಗುವಾಗ ಎಲ್ಲಿ ಭಾರ ಕಡಿಮೆಯೋ ಅಲ್ಲಿಗೆ ಅದೇ ಹೋಗಿ ಕೂತುಕೊಳ್ತದೆ. ನಡುಕ ಮಾಯ!"

ಅಬ್ಬಾ, ಮಣಿಗಿರುವ ಬುದ್ಧಿಯೇ! ಗಂಡನ ಮುಖ ಮೊರದಗಲವಾಯಿತು.

"ಬೆಂಡಾದ ರಿಮ್ಮನ್ನು ಮಣಿ ನೆಟ್ಟಗೆ ಮಾಡ್ತದಾ?" ಎಂದು ಕೇಳಿದೆ.

"ಅಕ್ಕ, ಅಲ್ಲಿ ಎಲ್ಲರೂ ಹಾಕ್ತಾರೆ," ಎಂದ ತಮ್ಮ. ಅಲ್ಲಿಯ ರಸ್ತೆಯನ್ನೂ ಸೂಟ್‌ಕೇಸಿನಲ್ಲಿ ತಂದಿದ್ದರೆ ನಾನು ಬಾಯಿ ಮುಚ್ಚಿಕೊಳ್ಳುತ್ತಿದ್ದೆ.

ನಮ್ಮ ಕಡೆ ಟ್ಯೂಬ್ ಇಲ್ಲದ ಟಯರಿಗೆ ಗಾಳಿ ಹೋಗದಿರಲೆಂದು ಅಂಟು ಅಂಟಾದ ಪಂಕ್ಚರ್ ಲಿಕ್ವಿಡ್ ಹೊಯ್ಯಿಸುವವರೇ ಹೆಚ್ಚು. ನಮ್ಮ ಟಯರಿನಲ್ಲೂ ಅದು ತುಂಬಿತ್ತು. ಇಬ್ಬರು ಪಂಡಿತರಿಗೂ ಅದು ನೆನಪಾಗಲಿಲ್ಲ, ಅದರ ಮೇಲೆಯೇ ಮಣಿ ಸುರಿದರು.

ಮರುದಿನ ಸಿದ್ಧಕಟ್ಟೆ ದಾಟುವಾಗ ಹ್ಯಾಂಡಲ್ ಮೈಮೇಲೆ ಬಂದವರ ಹಾಗೆ ಅದುರಿತು. ಎದುರಿಂದ ಲಾರಿ. ಬೈಕು ಹೇಗೋ ಚರಂಡಿಯ ಅಂಚಿನಲ್ಲಿ ನಿಂತಿತು. ನಾನು ಕೆಳಗೆ ಹಾರಿ ರಸ್ತೆಯ ಬದಿಗೆ ಬಂದೆ.

"ಮಣಿ ಸೆಟ್ ಆಗ್ಲಿಕ್ಕೆ ಸ್ವಲ್ಪ ಟೈಮ್ ಬೇಕು," ಎಂದರು ಇವರು.

"ಅದು ಸೆಟ್ ಆಗುವಾಗ ನನ್ನ ಫೋಟೋಕ್ಕೆ ಹಾರ ಬಿದ್ದಿರ್ತದೆ!" ಎಂದು ಹಿಂದಿನಿಂದ ಬಂದ ಬಸ್ಸಿಗೆ ಕೈ ಅಡ್ಡ ಹಿಡಿದೆ. ಅಂದಿನಿಂದ ನನಗೆ ಬಸ್ಸೇ ಗತಿ.

ಗ್ಯಾರೇಜಿನಲ್ಲಿ ಟಯರು ಬಿಚ್ಚಿದಾಗ ಮಣಿಗಳೆಲ್ಲ ಆ ಅಂಟಿನಲ್ಲಿ ಸೇರಿ ಎಳ್ಳುಂಡೆ ಕಟ್ಟಿದ್ದವಂತೆ. ರಿಮ್ ಬದಲಾಯಿತು. ಒಂದು ಬೆಳಿಗ್ಗೆ ಇವರು ಬಸ್ ಸ್ಟ್ಯಾಂಡಿಗೇ ಬಂದು ಬೈಕು ನಿಲ್ಲಿಸಿ ಹಲ್ಲು ಕಿರಿದರು.

"ಕೂತುಕೋ, ಈಗ ಒಂಚೂರೂ ನಡುಗುವುದಿಲ್ಲ. ರಿಮ್ ಬೆಂಡಾಗಿತ್ತು, ಗೊತ್ತುಂಟಾ?"

"ಹೌದಾ? ಯಾರು ಹೇಳಿದ್ದು?"

"ಗ್ಯಾರೇಜಿನವ."

ಓಹೋ, ಹಾಗಾದರೆ ನಿಜವೇ ಇರಬೇಕು! ಅಷ್ಟರಲ್ಲಿ ಮೂಡುಬಿದಿರೆಯ ಬಸ್ಸು ಬಂತು. ನಾನು ಹತ್ತಿ ಕಿಟಕಿಯ ಪಕ್ಕ ಕೂತೆ.