ನೇರಳೆ ಬೆಳಕಿನಲ್ಲಿ ಕಂಡವರು

ವಿದ್ಯುತ್ತಿನ ಪಾಠ ಮಾಡಿ ಅನ್ನ ಉಣ್ಣುವ ನಾನು ಮನೆಯಲ್ಲಿ ಮಿಕ್ಸಿಯ ಪ್ಲಗ್ ಹಾಕುವಾಗ ಈಗಲೂ ಕಣ್ಣು ಮುಚ್ಚಿಕೊಳ್ಳುತ್ತೇನೆ. ಅಂಥವನು ಸಾವಿರಾರು ವೋಲ್ಟಿನ ಯಂತ್ರವೊಂದರ ವಿನ್ಯಾಸಕ್ಕೆ ಹೊರಟದ್ದು ಉಡುಪಿ ಬಳಿಯ ಮಟ್ಟುವಿನ ರೈತರಿಂದಾಗಿ. ತಮ್ಮೂರಿನ ಗುಳ್ಳ ಬದನೆಯ ಬೀಜಕ್ಕೆ ಬೂಷ್ಟು ಹಿಡಿಯುತ್ತದೆಂದು ಅವರು ಮಣಿಪಾಲದ ನಮ್ಮ ಪ್ರಯೋಗಾಲಯಕ್ಕೆ ಬಂದಿದ್ದರು.

ಯಂತ್ರವೇನೂ ದೊಡ್ಡದಲ್ಲ. ಕೆಳಗೆ ಲೋಹದ ತಟ್ಟೆ, ಅದರ ಮೇಲೆ ಗಾಜು, ಬೀಜ ಹಿಡಿಯುವಷ್ಟು ಸಂದು ಬಿಟ್ಟು ಒಂದು ಜಾಲರಿ. ವಿದ್ಯುತ್ ಕೊಟ್ಟರೆ ಸಂದಿನ ಗಾಳಿಯೇ ನೇರಳೆಯಾಗಿ ಹೊಳೆಯುತ್ತದೆ. ಇದೇ ಪ್ಲಾಸ್ಮಾ; ಬೀಜದ ಮೇಲಿನ ಬೂಷ್ಟನ್ನು ಕೊಲ್ಲುವುದು ಇದು. ಅದು ಕಿಡಿಯಾಗಿ ಸಿಡಿಯದಂತೆ ತಡೆಯುವುದು ಗಾಜು. ನಾನು ಲೆಕ್ಕ ಹಾಕಿ ತರಿಸಿದ ಮೂರು ಗಾಜುಗಳೂ ಒಡೆದವು. ಕೊನೆಗೆ ನಮ್ಮ ತಂತ್ರಜ್ಞ, ಇನ್ನಂಜೆಯ ಸಿಪ್ರಿಯನ್, ಮನೆಯಿಂದ ಒಂದು ಗಾಜು ತಂದರು.

"ಹಳೇ ಫೋಟೋದ್ದು ಸರ್. ಫ್ರೇಮೂ ಫೋಟೋವೂ ಗೆದ್ದಲು ಹಿಡಿದು ಹೋಯಿತು. ಗಾಜು ಗಟ್ಟಿ ಉಂಟು."

ಬಟ್ಟೆಯಿಂದ ಒರೆಸಿ ಕೂರಿಸಿದೆವು. ಪರದೆ ಎಳೆದು ಸ್ವಿಚ್ ಒತ್ತಿದೆ. ನೇರಳೆ ಬೆಳಕು ಹರಡಿತು, ನಡುವೆ ಮಾತ್ರ ಮಂಕಾಗಿ ಉಳಿಯಿತು. ಆ ಮಂಕಿಗೆ ಹಣೆಯಿತ್ತು, ಹಿಂದಕ್ಕೆ ಬಾಚಿದ ಕೂದಲಿತ್ತು, ಕಿವಿಯಲ್ಲಿ ಓಲೆಯಿತ್ತು. ಹೆಂಗಸೊಬ್ಬಳು ನಮ್ಮನ್ನೇ ನೋಡುತ್ತಿದ್ದಳು.

"ಮಾಯ್" ಎಂದರು ಸಿಪ್ರಿಯನ್, ಕೊಂಕಣಿಯಲ್ಲಿ ಅಮ್ಮನನ್ನು ಕರೆಯುವ ಹಾಗೆ. ಅವರ ಕೈ ಜಾಲರಿಯತ್ತ ಹೋಯಿತು. ನಾನು ಸ್ವಿಚ್ ಆರಿಸಿದೆ. ಮುಖವೂ ಆರಿತು.

ಕಾರಣ ನನಗೆ ಹೊಳೆಯದೆ ಇರಲಿಲ್ಲ. ಇಪ್ಪತ್ತು ವರ್ಷ ಫೋಟೋಗೆ ಅಂಟಿ ಕುಳಿತ ಗಾಜು ಅದರ ಅಚ್ಚನ್ನು ಕಣ್ಣಿಗೆ ಕಾಣದ ಜಿಡ್ಡಾಗಿ ಹೀರಿಕೊಂಡಿತ್ತು; ಜಿಡ್ಡಿದ್ದಲ್ಲೆಲ್ಲ ಬೆಳಕು ಮಂಕಾಗಿತ್ತು. ಆದರೆ ಪ್ಲಾಸ್ಮಾ ಜಿಡ್ಡನ್ನು ತಿನ್ನುತ್ತದೆ. ಅದನ್ನೂ ಹೇಳಲೇಬೇಕಾಯಿತು.

"ನೋಡಿದಷ್ಟೂ ಅಳಿಸಿ ಹೋಗ್ತಾರೆ, ಸಿಪ್ರಿಯನ್. ಬೇಡವಾದರೆ ಗಾಜು ಮನೆಗೆ ಕೊಂಡು ಹೋಗಿ."

"ಮನೆಯಲ್ಲಿ ಎಂತ ಕಾಣ್ತದೆ ಸರ್? ಬರೀ ಗಾಜಲ್ವಾ?" ಅವರು ಪರದೆಯ ಸಂದನ್ನು ಸರಿಯಾಗಿ ಮುಚ್ಚಿದರು. "ಅಮ್ಮ ಹೋಗುವಾಗ ನಾನು ಕುವೈಟಿನಲ್ಲಿದ್ದೆ. ರಜೆ ಸಿಗಲಿಲ್ಲ. ಹಾಕಿ ಸರ್, ನಾನು ಕೂತುಕೊಳ್ತೇನೆ."

ಕೂರಲು ಏನೂ ಇರಲಿಲ್ಲ. ಪಕ್ಕದ ಕೋಣೆಯಿಂದ ಸ್ಟೂಲೊಂದನ್ನು ತಂದುಕೊಟ್ಟೆ. ಯಂತ್ರ ಗುಂಯ್ ಎನ್ನುತ್ತಿತ್ತು. ಮೊದಲು ಹಣೆಯ ಮಂಕು ಅಳಿದು ಬೆಳಕಾಯಿತು, ಆಮೇಲೆ ಕಣ್ಣಿನದು. ನಡುವೆ ಒಮ್ಮೆ ತುಟಿ ಅಲುಗಿದ ಹಾಗೆ ಕಂಡಿತು. ಅದಕ್ಕೆ ಮಾತ್ರ ನನ್ನಲ್ಲಿ ಇಂದಿಗೂ ವಿವರಣೆಯಿಲ್ಲ. ಕಟ್ಟಕಡೆಗೆ ಓಲೆ ಹೋಯಿತು. ಸಿಪ್ರಿಯನ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಎದ್ದು ತಾವೇ ಸ್ವಿಚ್ ಆರಿಸಿದರು.

"ಇನ್ನು ಬೀಜ ಹಾಕುವ, ಸರ್."

ಬೀಜಗಳು ಚೆನ್ನಾಗಿ ಮೊಳೆತವು. ಯಂತ್ರದ ನಕ್ಷೆಯನ್ನು ಅಂತಿಮಗೊಳಿಸುವಾಗ ಅದರ ಎದುರಿಗೆ ನಾನೊಂದು ಸ್ಟೂಲ್ ಬರೆದೆ. ಯಾಕೆಂದು ಕೇಳಿದವರಿಗೆ ಸುರಕ್ಷತೆಗೆ ಎನ್ನುತ್ತೇನೆ. ಇಂಜಿನಿಯರುಗಳು ಹಾಗೆಂದರೆ ಮುಂದೆ ಯಾರೂ ಕೇಳುವುದಿಲ್ಲ.