ಪಟ್ಟಿಗೆ ಸೇರದ ಹನ್ನೊಂದು ರೆಂಜೆ ಮರಗಳು

ಹನ್ನೆರಡು ವರ್ಷಗಳ ಹಿಂದೆ ನಾನು ಉಪ ವಲಯ ಅರಣ್ಯಾಧಿಕಾರಿಯಾಗಿದ್ದೆ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ನಡುವಿನ ಒಂದು ಪೇಟೆ ನನ್ನ ಶಾಖೆಗೆ ಸೇರಿತ್ತು. ಪೇಟೆಯ ಹೆಸರು ಬರೆಯುವುದಿಲ್ಲ. ಮುಂದೆ ಹೇಳುವ ಕಾಗದಗಳಿಗೆ ಸಹಿ ಹಾಕಿದವರಲ್ಲಿ ಕೆಲವರು ಇನ್ನೂ ನೌಕರಿಯಲ್ಲಿದ್ದಾರೆ. ಈಗ ನಾನು ನಿವೃತ್ತನಾಗಿ ಕೆದಂಬಾಡಿಯಲ್ಲಿದ್ದೇನೆ. ಮನೆಗೆ ಬಂದವರು ಆನೆ ಓಡಿಸಿದ್ದನ್ನು, ಮರಗಳ್ಳರನ್ನು ಹಿಡಿದದ್ದನ್ನು ಹೇಳಿ ಎನ್ನುತ್ತಾರೆ. ಹೇಳುತ್ತೇನೆ. ಈ ಕಥೆಯನ್ನು ಮಾತ್ರ ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.

ಆ ವರ್ಷ ಪೇಟೆಯ ಪ್ರಮುಖರೆಲ್ಲ ಸೇರಿ ಒಂದು ಸಮಿತಿ ಮಾಡಿದರು. ಸೇನೆಯಲ್ಲಿದ್ದು ಪ್ರಾಣ ಕೊಟ್ಟ ನಮ್ಮ ಕಡೆಯ ಹನ್ನೊಂದು ಮಂದಿ ಸೈನಿಕರ ಹೆಸರಿನಲ್ಲಿ ಬಸ್ ಸ್ಟ್ಯಾಂಡಿನಿಂದ ಆಸ್ಪತ್ರೆಗೆ ಹೋಗುವ ರಸ್ತೆಯ ಬದಿಯಲ್ಲಿ ಹನ್ನೊಂದು ಮರ ನೆಡುವುದು, ಪ್ರತಿ ಮರಕ್ಕೂ ಸ್ಟೀಲಿನ ನಾಮಫಲಕ. ಯಾವ ಮರ ಎಂದು ತೀರ್ಮಾನಿಸುವ ಕೆಲಸ ನನ್ನದು. ಬೇಗ ಬೆಳೆಯುವ ಮರ ಬೇಗ ಬೀಳುತ್ತದೆ, ಯೋಧರ ಹೆಸರಿಗೆ ಅದು ಬೇಡ ಎಂದು ನಾನು ರೆಂಜೆ, ಅಂದರೆ ಬಕುಳ, ಆರಿಸಿದೆ. ರೆಂಜೆ ನಿಧಾನಕ್ಕೆ ಬೆಳೆಯುತ್ತದೆ, ಆದರೆ ಮೊಮ್ಮಕ್ಕಳ ಕಾಲಕ್ಕೂ ಹೂ ಉದುರಿಸುತ್ತದೆ. ಸಮಿತಿಯ ಮುಂದೆ ಇದನ್ನು ವಿವರಿಸುವಾಗ ನನಗೆ ಬಹಳ ಹೆಮ್ಮೆಯಾಗಿತ್ತು.

ಜಾಗ ನೋಡಲು ಹೋದಾಗ ಮೇಲೆ ಕರೆಂಟ್ ಲೈನ್ ಇತ್ತು. ಕೆಳಗೆ ಹುಲ್ಲಿನ ನಡುವೆ ರಸ್ತೆ ಅಗಲ ಮಾಡಲು ಸರ್ವೆಯವರು ನೆಟ್ಟ ಕಲ್ಲುಗಳೂ ಇದ್ದವು. ಎರಡನ್ನೂ ಸಮಿತಿಯ ಅಧ್ಯಕ್ಷರಿಗೆ ತೋರಿಸಿದೆ.

"ಆ ಕಲ್ಲು ಎಷ್ಟೋ ವರ್ಷದಿಂದ ಅಲ್ಲೇ ಉಂಟು ಮಾರಾಯ್ರೆ. ಅಗಲ ಆಗುದೆಲ್ಲಾ ಯಾವಾಗಲೋ! ಮಂತ್ರಿಗಳ ತಾರೀಕು ಸಿಕ್ಕಿ ಆಗಿದೆ, ಇನ್ನು ಜಾಗ ಹುಡುಕುವ ಹಾಗಿಲ್ಲ," ಎಂದರು.

ನಾನು ತಲೆಯಾಡಿಸಿದೆ. ಕಾರ್ಯಕ್ರಮ ಚೆನ್ನಾಗಿಯೇ ನಡೆಯಿತು. ಮಂತ್ರಿಗಳ ಚಪ್ಪಲಿಗೆ ಕೆಸರು ತಾಗದಂತೆ ಹೊಂಡದವರೆಗೂ ಕಾರ್ಪೆಟ್ ಹಾಸಿದ್ದರು. ಮಕ್ಕಳನ್ನು ಕಳೆದುಕೊಂಡವರು ಕಾರ್ಪೆಟ್ಟಿನ ಆಚೆ ಕೆಸರಿನಲ್ಲಿ ನಿಂತಿದ್ದರು. ಅವರಲ್ಲಿ ಒಬ್ಬರು ಆಲೆಟ್ಟಿಯ ಜಾನಕಿ ಅಮ್ಮ. ಅವರ ಒಬ್ಬನೇ ಮಗ ಲೋಕೇಶ ಗಡಿಯಲ್ಲಿ ಗುಂಡು ತಗುಲಿ ಸತ್ತಿದ್ದ. ಮಗನ ಹೆಸರಿನ ಗಿಡ ನೆಟ್ಟು ಕೈ ತೊಳೆದುಕೊಂಡು ಅವರು ನನ್ನ ಹತ್ತಿರ ಬಂದರು.

"ಸಾರ್, ಇದನ್ನು ಮತ್ತೆ ಯಾರೂ ತೆಗೆಯುದಿಲ್ಲ ಅಲ್ವ?"

ಎಂತ ಹೀಗೆ ಕೇಳುತ್ತೀರಿ ಎಂದೆ.

"ಅವನನ್ನು ಸುಟ್ಟ ಜಾಗ ಪಾಲಿನಲ್ಲಿ ಭಾವನ ಕಡೆಗೆ ಹೋಯ್ತು. ಅವರು ಅಲ್ಲಿ ಮಣ್ಣು ಸಮ ಮಾಡಿ ರಬ್ಬರ್ ಹಾಕಿದ್ದಾರೆ. ಹೋಗಿ ನಿಂತರೆ ಎಲ್ಲಿ ಅಂತ ಗೊತ್ತಾಗುದಿಲ್ಲ ನನಗೆ."

"ಇದು ಸರ್ಕಾರದ ಜಾಗ ಅಮ್ಮ. ಇದು ಪಾಲಾಗುದಿಲ್ಲ," ಎಂದೆ. ಸರ್ವೆ ಕಲ್ಲು ನಾವು ನಿಂತಲ್ಲಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು.

ಜಾನಕಿ ಅಮ್ಮ ಪೇಟೆಗೆ ಬಂದಾಗಲೆಲ್ಲ ಆ ಮರದ ಬುಡಕ್ಕೆ ಹೋಗುತ್ತಿದ್ದರಂತೆ. ಕಳೆ ಕೀಳುವುದು, ಯಾರೋ ಕಟ್ಟಿದ ಬ್ಯಾನರ್ ಬಿಚ್ಚುವುದು, ಸೀರೆಯ ಸೆರಗಿನಿಂದ ಹೆಸರು ಒರೆಸುವುದು. ಒಂಬತ್ತು ವರ್ಷವಾದರೂ ಮರ ಮಾತ್ರ ಮರದಂತಾಗಲಿಲ್ಲ. ಮಳೆಗಾಲದ ಮುಂಚೆ ಲೈನಿಗೆ ತಾಗುತ್ತದೆಂದು ಕರೆಂಟಿನವರು ಪ್ರತಿ ವರ್ಷ ಹನ್ನೊಂದರ ತಲೆಯನ್ನೂ ಕತ್ತರಿಸುತ್ತಿದ್ದರು. ಮೊದಲೇ ನಿಧಾನದ ಜಾತಿ, ಮೇಲಿಂದ ಈ ಶಿಕ್ಷೆ.

ಅಷ್ಟರಲ್ಲಿ ನನಗೆ ಬಡ್ತಿ ಸಿಕ್ಕಿ, ಎರಡು ಊರು ಸುತ್ತಿ, ವಲಯ ಅರಣ್ಯಾಧಿಕಾರಿಯಾಗಿ ಅದೇ ಪೇಟೆಗೆ ಬಂದೆ. ಬಂದ ವರ್ಷವೇ ರಸ್ತೆ ಅಗಲೀಕರಣ ಮಂಜೂರಾಯಿತು. ಕಡಿಯುವ ಮರಗಳನ್ನು ಮೊದಲು ಎಣಿಸಬೇಕು. ಎದೆಮಟ್ಟದಲ್ಲಿ ಕಾಂಡಕ್ಕೆ ಟೇಪು ಸುತ್ತಿ ಅಳೆಯುವುದು, ತೊಗಟೆ ಕೆತ್ತಿ ನಂಬರ್ ಬರೆಯುವುದು, ಪಟ್ಟಿಗೆ ಸೇರಿಸುವುದು. ನಾವು ನಡೆಸಿಕೊಂಡು ಬಂದ ಪದ್ಧತಿಯಲ್ಲಿ ಸುತ್ತಳತೆ ಮೂವತ್ತು ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಅದು ಮರವೇ ಅಲ್ಲ. ಕಾಗದದ ಮಟ್ಟಿಗೆ ಅದು ಪೊದೆಗೆ ಸಮಾನ. ಪೊದೆ ತೆಗೆಯಲು ಯಾರ ಅನುಮತಿಯೂ ಬೇಡ.

ಗಾರ್ಡ್ ರೆಂಜೆಗಳಿಗೆ ಟೇಪು ಸುತ್ತಿ ನನ್ನ ಮುಖ ನೋಡಿದರು. "ಸಾರ್, ಇಪ್ಪತ್ತನಾಲ್ಕು, ಇಪ್ಪತ್ತಾರು. ಒಂದೂ ಅಳತೆಗೆ ಬರುದಿಲ್ಲ. ಎಂತ ಮಾಡುದು?"

"ಬಿಟ್ಟುಬಿಡಿ," ಎಂದೆ. ಪಟ್ಟಿಯಲ್ಲಿ ಬೇರೆ ಅರವತ್ತು ಚಿಲ್ಲರೆ ಮರಗಳಿದ್ದವು.

ಕಡಿಯುವ ಮುಂಚೆ ಸಾರ್ವಜನಿಕರ ಆಕ್ಷೇಪ ಕೇಳಬೇಕೆಂಬ ನಿಯಮವುಂಟು. ಆ ಸಭೆ ನನ್ನ ಕಚೇರಿಯಲ್ಲೇ ನಡೆಯಿತು. ನನ್ನ ಪಕ್ಕದಲ್ಲಿ ರಸ್ತೆಯ ಎಂಜಿನಿಯರ್ ಕೂತು ಗಡಿಯಾರ ನೋಡುತ್ತಿದ್ದರು. ಎದುರಿಗೆ ಇಪ್ಪತ್ತು ಜನ. ಜಾನಕಿ ಅಮ್ಮ ಬೆಳಗ್ಗೆಯೇ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದರು. ಸರದಿ ಬಂದಾಗ ಎದ್ದು ನಿಂತು, "ಲೋಕೇಶನ ಮರ ಕಡಿಯುವ ಪಟ್ಟಿಯಲ್ಲಿ ಉಂಟಾ ನೋಡಿ ಸಾರ್," ಎಂದರು.

ನೋಡುವ ಅಗತ್ಯವಿರಲಿಲ್ಲ. ಆದರೂ ಬೆರಳಿಟ್ಟು ಕೊನೆಯ ಸಾಲಿನವರೆಗೂ ನೋಡಿದೆ. "ಪಟ್ಟಿಯಲ್ಲಿ ಇಲ್ಲ ಅಮ್ಮ."

"ಇಲ್ವಾ?" ಅವರ ಮುಖ ಅರಳಿತು. "ಹಾಗಾದರೆ ಕಡಿಯುದಿಲ್ಲ. ನಾನು ಸುಮ್ಮನೆ ಹೆದರಿದ್ದು."

ಪಟ್ಟಿಯಲ್ಲಿ ಇಲ್ಲದ್ದಕ್ಕೆ ರಕ್ಷಣೆಯೂ ಇಲ್ಲ ಎಂದು ನಾನು ಹೇಳಬೇಕಿತ್ತು. ಒಂದೇ ವಾಕ್ಯ. ಎಂಜಿನಿಯರ್ ಪೆನ್ನಿನಿಂದ ಮೇಜು ಕುಟ್ಟುತ್ತಿದ್ದರು, ಜಾನಕಿ ಅಮ್ಮ ಕೈ ಮುಗಿದು ನಗುತ್ತಿದ್ದರು. ಆ ನಗುವನ್ನು ಕೆಡಿಸುವ ಧೈರ್ಯ ನನಗಾಗಲಿಲ್ಲ. ಹೇಡಿತನಕ್ಕೆ ದಯೆಯ ಹೆಸರು ಕೊಟ್ಟು, "ಮುಂದಿನವರು ಬನ್ನಿ," ಎಂದೆ.

ಮರುದಿನ ಎಂಜಿನಿಯರಿಗೆ ಫೋನ್ ಮಾಡಿ ಆ ಹನ್ನೊಂದನ್ನು ಸ್ವಲ್ಪ ನೋಡಿಕೊಳ್ಳಿ ಎಂದು ಬೇಡಿಕೊಂಡೆ. "ನಿಮ್ಮ ಲೆಕ್ಕದಲ್ಲಿ ಅದು ಮರವೇ ಅಲ್ವಲ್ಲ ಸಾರ್," ಎಂದು ಅವರು ನಕ್ಕರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಮೂರು ವಾರ ಕಳೆದ ಮೇಲೆ ಜೆಸಿಬಿ ಬಂತು. ಪಟ್ಟಿಯಲ್ಲಿದ್ದ ದೊಡ್ಡ ಮರಗಳನ್ನು ನಂಬರ್ ನೋಡಿ, ತುಂಡುಗಳನ್ನು ಅಳೆದು, ಗೌರವದಿಂದಲೇ ಡಿಪೋಗೆ ಸಾಗಿಸಿದೆವು. ರೆಂಜೆಗಳನ್ನು ಹುಲ್ಲು, ಮಣ್ಣು, ನಾಮಫಲಕ ಎಲ್ಲ ಸೇರಿಸಿ ಟಿಪ್ಪರಿಗೆ ತುಂಬಿದರು. ಒಂದು ಮರ ಕಡಿದರೆ ಬದಲಿಗೆ ಇಷ್ಟು ಗಿಡ ನೆಡಬೇಕು ಎಂದು ಅನುಮತಿ ಪತ್ರದಲ್ಲಿತ್ತು. ಹನ್ನೊಂದು ಮಂದಿ ಯೋಧರ ಪಾಲಿಗೆ ಒಂದು ಗಿಡವೂ ಬರಲಿಲ್ಲ.

ಜಾನಕಿ ಅಮ್ಮ ಮತ್ತೆ ಕಚೇರಿಗೆ ಬಂದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ನನಗೂ ಹಗುರಾಗುತ್ತಿತ್ತೇನೋ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಿಮಗೆ ಆ ದಿನವೇ ಗೊತ್ತಿತ್ತಾ ಸಾರ್?"

"ಗೊತ್ತಿತ್ತು ಅಮ್ಮ."

"ಹೇಳಿದ್ದರೆ ನಾಲ್ಕು ಜನರನ್ನು ಕರಕೊಂಡು ಬಂದು ಬುಡದ ಮಣ್ಣು ಸಮೇತ ತೆಗೆದುಕೊಂಡು ಹೋಗ್ತಿದ್ದೆ. ಸಣ್ಣ ಮರ ಅಲ್ವ. ನಮ್ಮ ಅಂಗಳದಲ್ಲಿ ಜಾಗ ಉಂಟು."

ಅದು ಸಾಧ್ಯವಿತ್ತು. ಎರಡು ಕೈಗಳ ನಡುವೆ ಹಿಡಿಯಬಹುದಾದ ಕಾಂಡ, ಮೂರು ವಾರದ ಸಮಯ, ಒಂದು ಪಿಕಪ್ ಗಾಡಿ. ಇದನ್ನು ಜೀವನವಿಡೀ ಗಿಡ ಎತ್ತಿ ನೆಟ್ಟ ನಾನು ಯೋಚಿಸಬೇಕಿತ್ತು. ಯೋಚಿಸಿದ್ದು ಆಕೆ, ಅದೂ ಎಲ್ಲ ಮುಗಿದ ಮೇಲೆ.

ವಿಚಾರಣೆಯಾಗಲಿಲ್ಲ, ನೋಟಿಸ್ ಬರಲಿಲ್ಲ. ನನ್ನ ಕಡತದಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರು ಸಲಹೆ ಕೇಳಿದಾಗ ನಾನು ಹೇಳುವುದಿಷ್ಟೇ: ಎದುರಿಗೆ ನಿಂತವರು ನಿಮ್ಮ ಕಾಗದವನ್ನು ತಪ್ಪು ತಿಳಿದುಕೊಂಡು ಸಂತೋಷಪಟ್ಟರೆ, ಅವರು ಬಾಗಿಲು ದಾಟುವ ಮೊದಲೇ ಕರೆದು ನಿಜ ಹೇಳಿ. ಅತ್ತರೆ ಅಳಲಿ. ಅತ್ತವರಿಗೆ ಏನಾದರೂ ಮಾಡಲು ಇನ್ನೂ ಸಮಯವಿರುತ್ತದೆ.